ಅರ್ಧ ಹಿಡಿದ ನಟ್ಟು

ಕಾಗವಾಡದಿಂದ ಶಿರಗುಪ್ಪಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಅಂಗಡಿ. ಹಳೆಯ ಲಾರಿಗಳಿಗೆ ಪಾಟಾ ಕಟ್ಟುವುದು ನಮ್ಮ ಕೆಲಸ. ಪಾಟಾ ಎಂದರೆ ಬಿಲ್ಲಿನಂತೆ ಬಾಗಿಸಿದ ಉಕ್ಕಿನ ಪಟ್ಟಿ. ಉದ್ದದ್ದು ಮೇಲೆ, ಅದಕ್ಕಿಂತ ಗಿಡ್ಡದ್ದು ಕೆಳಗೆ, ಇನ್ನೂ ಗಿಡ್ಡದ್ದು ಅದರ ಕೆಳಗೆ, ಹೀಗೆ ಹತ್ತು ಹನ್ನೆರಡು ಪಟ್ಟಿ ಪೇರಿಸಿ ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಬಿಗಿಯುತ್ತೇವೆ. ಲಾರಿಯಲ್ಲಿ ಹೇರಿದ್ದೆಲ್ಲ ಕೊನೆಗೆ ಕೂರುವುದು ಅವುಗಳ ಮೇಲೆ. ಗಾಲಿ ತಗ್ಗಿಗೆ ಬಿದ್ದಾಗ ಪಟ್ಟಿಗಳು ಬಾಗಿ ಆ ಹೊಡೆತವನ್ನು ನುಂಗುತ್ತವೆ. ಒಂದರ ಮೈಗೊಂದು ಉಜ್ಜಿಕೊಂಡು ಲಾರಿಯ ಕುಣಿತವನ್ನು ತಡೆಯುತ್ತವೆ.

ಅಪ್ಪ ಹಾಕಿದ ಅಂಗಡಿ ಅದು. ಇಡೀ ಕೆಲಸವೇ ಹೊಡೆತದ್ದು. ಭಾರ ಹೊತ್ತು ಹೊತ್ತು ಸಪಾಟಾದ ಪಟ್ಟಿಗೆ ಮತ್ತೆ ಬಾಗು ತರಬೇಕೆಂದರೆ ಘಣ ಎತ್ತಿ, ಆ ದೊಡ್ಡ ಸುತ್ತಿಗೆಯಿಂದ, ಗೇಣು ಗೇಣಿಗೆ ಬಡಿಯುತ್ತ ಹೋಗಬೇಕು. ಹೊಡೆತ ತಪ್ಪಿದರೆ ಉಕ್ಕು ತಿರುಗಿ ಹೊಡೆಯುತ್ತದೆ. ಬಿಗಿದ ಪಾಟಾದ ನಡುವಿನ ಬೋಲ್ಟ್ ಬಿಚ್ಚುವಾಗ ಒಮ್ಮೆ ಮೇಲಿನ ಪಟ್ಟಿ ಚಿಮ್ಮಿ ಬಂದು ಅಪ್ಪನ ಬಾಯಿಗೆ ಬಡಿಯಿತು. ಅವನು ನಾಲ್ಕು ಹಲ್ಲು ನೆಲಕ್ಕೆ ಉಗುಳಿದ, ಅಂಗಿಯ ತೋಳಿನಿಂದ ರಕ್ತ ಒರೆಸಿಕೊಂಡ, ಆಮೇಲೆ ಸುತ್ತಿಗೆಯ ಕಾವು ತೆಗೆದುಕೊಂಡು ನನ್ನ ಬೆನ್ನಿಗೆ ಎರಡು ಬಿಟ್ಟ. ನಾನು ಇಕ್ಕಳ ಗಟ್ಟಿಯಾಗಿ ಹಿಡಿದಿರಲಿಲ್ಲ ಎಂದು. ಆಗ ನನಗೆ ಮದುವೆಯಾಗಿ ವರ್ಷ ಕಳೆದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅಣ್ಣನ ಕೈಗೆ ಬಂತು. ಅಣ್ಣ ಕೈ ಎತ್ತುವವನಲ್ಲ. ಆದರೆ ನಾನು ಕಟ್ಟಿದ ಒಂದೊಂದು ಪಾಟಾವನ್ನೂ ಅವನು ಮತ್ತೆ ಬಗ್ಗಿ ನೋಡುತ್ತಿದ್ದ, ಒಂದೊಂದು ನಟ್ಟಿಗೂ ತಾನೇ ಪಾನಾ, ಅಂದರೆ ಸ್ಪ್ಯಾನರು, ಹಾಕಿ ಎಳೆಯುತ್ತಿದ್ದ. ನನಗೆ ಮೂವತ್ತೈದು ದಾಟಿತ್ತು. ಗಿರಾಕಿಗಳ ಎದುರಿಗೇ ಅವನು ಹಾಗೆ ಬಗ್ಗುತ್ತಿದ್ದ. ಅಪ್ಪನ ಹೊಡೆತಕ್ಕಿಂತ ಅದು ಹೆಚ್ಚು ಉರಿಯುತ್ತಿತ್ತು.

ಕಬ್ಬಿನ ಹಂಗಾಮು ನಡೆದಿತ್ತು. ಜುಗೂಳದ ಕಡೆಯ ಒಬ್ಬ ಲಾರಿಯವನು ಬೆಳಿಗ್ಗೆ ಬಂದ. ಲಾರಿ ಅವನದೇ, ಓಡಿಸುವವನೂ ಅವನೇ. ವಯಸ್ಸಾದವನು. ಅಪ್ಪನ ಕಾಲದಿಂದ ಬರುತ್ತಿದ್ದವನಾದ್ದರಿಂದ ನಾವು ಅವನಿಗೆ ಕಾಕಾ ಎನ್ನುತ್ತಿದ್ದೆವು. ಬಲಗಡೆಯ ಉದ್ದ ಪಟ್ಟಿ ಕತ್ತರಿಸಿದಂತೆ ತುಂಡಾಗಿತ್ತು. ಲಾರಿ ನಾಯಿ ಓಡಿದ ಹಾಗೆ ಸೊಟ್ಟಗೆ ನಡೆದು ಬಂದಿತ್ತು. ಅಣ್ಣ ಉಕ್ಕು ತರಲು ಮಿರಜಕ್ಕೆ ಹೋಗಿದ್ದ.

"ಮುರದದ್ದ ಬದಲ ಮಾಡು. ಮ್ಯಾಲ ಎರಡ ಪಾಟಾ ಜಾಸ್ತಿ ಹಾಕು ತಮ್ಮಾ," ಎಂದ ಕಾಕಾ. "ಕಬ್ಬ ಹೇರಿದ ಕೂಡ್ಲೆ ಗಾಡಿ ಕುಂಡಿ ಊರಾಕತ್ತೈತಿ."

"ಗಾಡಿ ಕಲ್ಲಾಗತೈತ್ರಿ ಕಾಕಾ. ಪಾಟಾ ಬಾಗಲಿಲ್ಲಂದ್ರ ಹೊಡತ ಎಲ್ಲಿ ಹೋಗಬೇಕ್ರಿ?"

"ನನ್ನ ಸೊಂಟಕ್ಕ ಹೋಗ್ಲಿ. ನೀ ಹಾಕು."

ಅಣ್ಣ ಇದ್ದಿದ್ದರೆ ಆಗುವುದಿಲ್ಲ ಎಂದು ಲಾರಿ ಹೊರಗೆ ಹಾಕುತ್ತಿದ್ದ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ನಾನು ಜಾಕ್ ಏರಿಸಿದೆ. ಅವನಿಲ್ಲದೆ ಒಂದು ಲಾರಿ ಕಟ್ಟಿ ಕಳಿಸಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು.

ಉದ್ದ ಪಟ್ಟಿಯ ಎರಡೂ ತುದಿಗಳನ್ನು ಬಳೆಯಂತೆ ಸುತ್ತಿರುತ್ತಾರೆ. ಮುಂದಿನ ಬಳೆಯನ್ನು ಲಾರಿಯ ಚಾಸಿಗೆ ಪಿನ್ ಹಾಕಿ ಜಡಿಯುತ್ತೇವೆ. ಹಿಂದಿನದನ್ನು ಜೋಲಾಡುವ ಕೊಂಡಿಗೆ ಸಿಕ್ಕಿಸುತ್ತೇವೆ, ಏಕೆಂದರೆ ಭಾರ ಬಿದ್ದು ಬಿಲ್ಲು ಸಪಾಟಾದಾಗ ಅದರ ಉದ್ದ ಹೆಚ್ಚುತ್ತದೆ, ಆ ಉದ್ದಕ್ಕೆ ಸರಿಯಲು ಜಾಗ ಬೇಕು. ಎಲ್ಲ ಪಟ್ಟಿಗಳ ನಡುವೆ ತೂರಿ ಇಳಿಯುವ ಒಂದು ಬೋಲ್ಟಿನ ತಲೆ ಅಚ್ಚಿನ ಮೇಲಿನ ತೂತಿನಲ್ಲಿ ಕೂರುತ್ತದೆ. ಅದು ಅಚ್ಚು ಎಲ್ಲಿ ಕೂರಬೇಕೆಂದು ಹೇಳುವ ಗೂಟವಷ್ಟೇ. ನಿಜವಾದ ಹಿಡಿತ ಯು ಆಕಾರದ ಎರಡು ದಪ್ಪ ಬೋಲ್ಟುಗಳದು. ಅವು ಪಾಟಾಗಳನ್ನೂ ಅಚ್ಚನ್ನೂ ಸೇರಿಸಿ ಅವುಚಿ ಹಿಡಿಯುತ್ತವೆ. ಆ ಹಿಡಿತ ಸಡಿಲಾದರೆ ಇಡೀ ಲಾರಿಯ ಎಳೆತ ಬೆರಳುಗಾತ್ರದ ಆ ಗೂಟದ ಮೇಲೆ ಬೀಳುತ್ತದೆ.

ಎರಡು ಪಟ್ಟಿ ಹೆಚ್ಚಾದಾಗ ಅಟ್ಟಿ ದಪ್ಪವಾಯಿತು. ಹಳೆಯ ಯು-ಬೋಲ್ಟುಗಳು ಗಿಡ್ಡವಾದವು. ನಟ್ಟು ಕೂರಿಸಿ ನೋಡಿದೆ. ಬೋಲ್ಟಿನ ತುದಿ ನಟ್ಟಿನ ಅರ್ಧಕ್ಕೇ ನಿಂತಿತ್ತು. ಉದ್ದನೆಯ ಬೋಲ್ಟ್ ಅಂಗಡಿಯಲ್ಲಿ ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿದ್ದರೆ ಮಿರಜದಿಂದ ತರುತ್ತಿದ್ದ. ಯಾವ ಲಾರಿಗೆ, ಯಾಕೆ ಎಂದು ಕೇಳುತ್ತಿದ್ದ. ನಾನು ಫೋನ್ ಮಾಡಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿ, ಮೈಯ ತೂಕವನ್ನೆಲ್ಲ ಹಾಕಿ ಬಿಗಿದೆ. ನಟ್ಟಿನ ಮೇಲೆ ಗ್ರೀಸ್ ಬಳಿದೆ. ಗ್ರೀಸ್ ಬಳಿದರೆ ಬೋಲ್ಟ್ ಎಲ್ಲಿಗೆ ನಿಂತಿದೆ ಎಂದು ಕಾಣುವುದಿಲ್ಲ.

ಸಂಜೆ ಅಣ್ಣ ಬಂದು, "ಯಾರರ ಬಂದಿದ್ರ?" ಎಂದು ಕೇಳಿದ. ಯಾರೂ ಇಲ್ಲ ಎಂದೆ.

ನಾಲ್ಕು ದಿನ ಲಾರಿ ಓಡಿತು. ಐದನೆಯ ದಿನ ಮಧ್ಯಾಹ್ನ ಜುಗೂಳದಿಂದ ಕಬ್ಬು ತುಂಬಿಕೊಂಡು ಫ್ಯಾಕ್ಟರಿಯ ಕಡೆ ಬರುತ್ತಿತ್ತು. ಯಾರೋ ಪೈಪ್‌ಲೈನ್ ಹಾಕಲು ರಸ್ತೆಯನ್ನು ಅಡ್ಡ ಕಡಿದು ಮಣ್ಣು ಮುಚ್ಚಿದ್ದರು, ಮಣ್ಣು ಕುಸಿದು ಹಳ್ಳವಾಗಿತ್ತು. ಹಿಂದಿನ ಗಾಲಿ ಅದರಲ್ಲಿ ದಡಕ್ಕೆಂದಿತು. ಕಲ್ಲಿನಂತಾದ ಪಾಟಾ ಬಾಗಲಿಲ್ಲ. ಹೊಡೆತವೆಲ್ಲ ಬೋಲ್ಟಿಗೆ ಹೋಗಿ ನಟ್ಟು ಕಿತ್ತು ಹಾರಿತು. ನಡುವಿನ ಗೂಟ ಕತ್ತರಿಸಿಹೋಯಿತು. ಬಲಗಡೆಯ ಗಾಲಿ ಅಚ್ಚಿನ ಸಮೇತ ಹಿಂದಕ್ಕೆ ಸರಿಯಿತು. ಕಾಕಾ ಸ್ಟೇರಿಂಗ್ ಬಲಕ್ಕೆ ತಿರುಗಿಸಿಯೇ ಇದ್ದ, ಲಾರಿ ತಾನಾಗಿ ಎಡಕ್ಕೆ ಮೂತಿ ತಿರುಗಿಸಿ ರಸ್ತೆ ಬಿಟ್ಟು ಇಳಿದು ಮಗುಚಿತು.

ಆ ಎಡಬದಿಯಲ್ಲಿ ಕುರಿಗಳು ಹೊರಟಿದ್ದವು. ಕಟಾವಾದ ಹೊಲದಿಂದ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾರ ಹಿಂದಿನಿಂದ ಬಂದ ಸದ್ದಿಗೆ ತಿರುಗಿದನಂತೆ. ಓಡಬಹುದಿತ್ತು. ಮುಂದಿನ ಕುರಿಗಳನ್ನು ಕೋಲಿನಿಂದ ಹೊಡೆದು ಚದುರಿಸಲು ನಿಂತ. ಕಬ್ಬಿನ ಹೊರೆಗಳು ಅವನ ಮೇಲೆ ಬಿದ್ದವು. ಲಾರಿಯ ಪಕ್ಕದ ಹಲಗೆ ಅವನ ಬಲಗಾಲಿನ ಮೇಲೆ ಕೂತಿತು. ಹದಿನೇಳು ಕುರಿಗಳು ಸತ್ತವು. ಕೆಲವು ಕೂಡಲೇ ಸಾಯಲಿಲ್ಲ. ಕಬ್ಬಿನ ಅಡಿಯಿಂದ ಅವುಗಳ ಕೂಗು ಬಹಳ ಹೊತ್ತು ಬರುತ್ತಿತ್ತೆಂದು ಆಮೇಲೆ ಕಾಕಾನೇ ನನಗೆ ಹೇಳಿದ.

ಸುತ್ತಲಿನ ಹೊಲಗಳಿಂದ ಜನ ಓಡಿ ಬಂದರು. ಕುರಿಗಾರನನ್ನು ಎಳೆದು ತೆಗೆದರು. ಆಮೇಲೆ ಕಾಕಾನನ್ನು ಕ್ಯಾಬಿನ್ನಿನಿಂದ ಎಳೆದರು. ಅವನ ಹಣೆ ಒಡೆದಿತ್ತು. ಅಲ್ಲೇ ಬಿದ್ದಿದ್ದ ಕಬ್ಬಿನ ಜಲ್ಲೆಗಳಿಂದ ಹೊಡೆದರು, ಜಲ್ಲೆ ಮುರಿದಂತೆಲ್ಲ ಹೊಸದು ಎತ್ತಿಕೊಂಡು ಹೊಡೆದರು. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, "ನಂದೇನ ತಪ್ಪಿಲ್ಲರ್ಯೋ! ಪಾಟಾ ಕಟ್ಟಿದಾವ್ನ ಕೇಳ್ರಿ!" ಎಂದು ಕೂಗಿದನಂತೆ.

ಆ ಹೊತ್ತಿಗೆ ನಾನು ಅಂಗಡಿಯ ಗುಂಡಿಯಲ್ಲಿದ್ದೆ. ಲಾರಿ ಮೇಲೆ ನಿಲ್ಲಿಸಿ ಕೆಳಗಿನಿಂದ ಕೆಲಸ ಮಾಡಲು ಎದೆಯುದ್ದ ತೋಡಿದ ಗುಂಡಿ ಅದು. ತಲೆಯ ಮೇಲೆ ಬೇರೊಂದು ಲಾರಿ ನಿಂತಿತ್ತು. ಅಣ್ಣ ಕುಲುಮೆಯ ಹತ್ತಿರ ಪಟ್ಟಿ ಕಾಯಿಸುತ್ತಿದ್ದ. ಐದಾರು ಮೋಟರ್‌ಸೈಕಲ್ ಬಂದು ನಿಂತವು. ನನಗೆ ಕಂಡದ್ದು ಕಾಲುಗಳಷ್ಟೇ. ಮಣ್ಣಾದ ಕಾಲುಗಳು, ಕೆಲವಕ್ಕೆ ಚಪ್ಪಲಿಯೂ ಇರಲಿಲ್ಲ.

"ಜುಗೂಳ ಲಾರಿ ಪಾಟಾ ಕಟ್ಟಿದಾಂವ ಯಾಂವಲೇ?"

"ಯಾಕ್ರಿ, ಏನಾತು?" ಅಣ್ಣನ ದನಿ.

"ಕುರಿ ಸತ್ತಾವ. ಮನಶ್ಯಾಂದು ಕಾಲ ಹೋತು. ಯಾಂವ ಕಟ್ಟಿದ್ದು ಹೇಳು!"

ತಾನು ಕಟ್ಟಿಲ್ಲ ಎಂದು ಅಣ್ಣನಿಗೆ ಗೊತ್ತಿತ್ತು. ಈ ಅಂಗಡಿಯಲ್ಲಿ ಇರುವವರು ಇಬ್ಬರೇ. ಅವನ ಕಾಲುಗಳು ಎರಡು ಹೆಜ್ಜೆ ಹಿಂದೆ ಸರಿದು ನನ್ನ ಗುಂಡಿಯ ಅಂಚಿಗೆ, ನನಗೆ ಹಿಮ್ಮಡಿ ತೋರಿಸಿ ನಿಂತವು.

"ನಾನ ಕಟ್ಟಿದ್ದು," ಎಂದ.

ಮೊದಲ ಹೊಡೆತದ ಸದ್ದು ನನಗೆ ಗೊತ್ತಿದ್ದ ಸದ್ದಲ್ಲ. ಉಕ್ಕಿನ ಮೇಲೆ ಬಿದ್ದ ಘಣ ಠಣ್ ಎನ್ನುತ್ತದೆ. ಇದು ಒದ್ದೆ ಚೀಲ ನೆಲಕ್ಕೆ ಬಿದ್ದ ಹಾಗೆ ಕೇಳಿಸಿತು. ಅಣ್ಣ ಮಂಡಿಯೂರಿದ. ಒಬ್ಬ ನಮ್ಮದೇ ಘಣ ಎತ್ತಿದ. "ಬ್ಯಾಡೋ, ಸಾಯ್ತಾನ!" ಎಂದು ಇನ್ನೊಬ್ಬ ಅದನ್ನು ಕಸಿದು, ಅದರ ಬದಲು ಬಿಡಿಯಾಗಿ ಬಿದ್ದಿದ್ದ ಒಂದು ಸುತ್ತಿಗೆಯ ಕಾವು ಕೊಟ್ಟ. ಕಾವು ಅಣ್ಣನ ಹೆಗಲಿಗೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಅವನು ಬಿದ್ದ. ಆಮೇಲೆ ಕಾಲುಗಳೇ ಕೆಲಸ ಮಾಡಿದವು. ಪಕ್ಕೆಗೆ, ಬೆನ್ನಿಗೆ, ಕಿವಿಗೆ. ಒಬ್ಬ ದೂರ ನಿಂತು ಮೊಬೈಲಿನಲ್ಲಿ ತೆಗೆಯುತ್ತಿದ್ದ, "ಇತ್ಲಾಗ ತಿರಗಸ್ರಿ ಅವನ ಮಾರಿ," ಎನ್ನುತ್ತಿದ್ದ. ಅಣ್ಣನ ಮುಖ ನನ್ನ ಕಡೆ ಬಂತು. ನಮ್ಮಿಬ್ಬರ ನಡುವೆ ಮೂರು ಅಡಿಯೂ ಇರಲಿಲ್ಲ. ಅವನ ಕಣ್ಣುಗಳು ನನ್ನನ್ನು ಕಂಡವು. ಅವನು ಕಣ್ಣು ಮುಚ್ಚಿಕೊಂಡ.

ನನ್ನ ಕೈಯಲ್ಲಿ ಮೊಳದುದ್ದದ ಪಾನಾ ಇತ್ತು. ಅದರಿಂದ ಒಬ್ಬನ ಕಾಲಾದರೂ ಮುರಿಯಬಹುದಿತ್ತು. ನಾನು ಕಟ್ಟಿದ್ದು ಎಂದು ಒಂದು ಮಾತು ಕೂಗಿದ್ದರೂ ಅವರು ಅಣ್ಣನನ್ನು ಬಿಡುತ್ತಿದ್ದರು. ನಾನು ಕೂಗಲಿಲ್ಲ. ಗುಂಡಿಯ ಮೂಲೆಗೆ ಸರಿದು, ಎಣ್ಣೆಯ ಕೆಸರಿನಲ್ಲಿ ಕುಕ್ಕರಿಸಿ, ಬಾಯಿಗೆ ಅಂಗಿ ತುರುಕಿಕೊಂಡು ಕೂತೆ.

ಮನೆ ಅಂಗಡಿಯ ಹಿಂದೆಯೇ. ಗದ್ದಲ ಕೇಳಿ ವೈನಿ, ಅಣ್ಣನ ಹೆಂಡತಿ, ಓಡಿ ಬಂದಳು. ಬಂದವಳೇ ಅಣ್ಣನ ಮೇಲೆ ಬಿದ್ದಳು. ಅವಳ ಜಡೆ ಹಿಡಿದು ಎಳೆದವನ ಕೈಯನ್ನು ಕಚ್ಚಿದಳು. ಎಷ್ಟು ಗಟ್ಟಿಯಾಗಿ ಕಚ್ಚಿದಳೆಂದರೆ ಅವನು ಅರಚುತ್ತ ಅವಳ ತಲೆಗೆ ಗುದ್ದಿದರೂ ಅವಳು ಬಿಡಲಿಲ್ಲ. ಈ ಎಳೆದಾಟದಲ್ಲಿ ಯಾರದೋ ಕಾಲು ತಾಗಿ ಎಣ್ಣೆಯ ಡಬ್ಬ ಉರುಳಿತು. ಕಾದ ಪಟ್ಟಿ ಅದ್ದಲು ಇಟ್ಟಿದ್ದ ಎಣ್ಣೆ ಹರಿದು ಕುಲುಮೆಗೆ ಮುಟ್ಟಿ ಭಗ್ಗೆಂದು ಹೊತ್ತಿತು. ಬೆಂಕಿ ಕಂಡು ಜನ ಚದುರಿದರು.

ಆಗ ನಾನು ಗುಂಡಿಯಿಂದ ಮೇಲೆ ಬಂದೆ. ಅಣ್ಣನಿಗಾಗಿ ಬಂದೆ ಎಂದು ಎಷ್ಟೋ ಸಲ ಹೇಳಿಕೊಳ್ಳಲು ನೋಡಿದ್ದೇನೆ. ಅದು ಸುಳ್ಳು. ಬೆಂಕಿ ಗುಂಡಿಯ ಕಡೆ ಹರಿದು ಬರುತ್ತಿತ್ತು, ಅದಕ್ಕೇ ಬಂದೆ.

ವೈನಿಯ ಬಾಯಿ ತುಂಬ ರಕ್ತ ಇತ್ತು, ಅವಳದಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇಲ್ಲೇ ಇದ್ದಿ?" ಎಂದಳು. ಆಮೇಲೆ, "ಕಾಲ ಹಿಡಿ, ಎತ್ತೂನು."

ಮಿರಜದ ಆಸ್ಪತ್ರೆಗೆ ಹಾಕಿದೆವು. ಹೆಗಲಿನ ಎಲುಬು, ಮೂರು ಪಕ್ಕೆಲುಬು ಮುರಿದಿದ್ದವು. ಎಡಗಿವಿ ಹೋಗಿತ್ತು. ಮರುದಿನ ಪೊಲೀಸರು ಬಂದು ಕೇಳಿದಾಗ ಪಾಟಾ ಕಟ್ಟಿದ್ದು ತಾನೇ ಎಂದು ಅಣ್ಣ ಬರೆಸಿದ. ಅವರು ಹೋದ ಮೇಲೆ ನನ್ನನ್ನು ಬಲಗಿವಿಯ ಕಡೆ ಕರೆದ.

"ನಟ್ಟ ಎಷ್ಟ ಹಿಡದಿತ್ತು?"

"ಅರ್ಧ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಮುರಿದ ಪಕ್ಕೆಗಳ ಮೇಲೆ ಹೊರಳಿದ್ದರಿಂದ ನೋವಿಗೆ ಗುಂಯ್ ಎಂದು ದನಿ ಹೊರಟಿತು. ಆದರೂ ಮತ್ತೆ ಈ ಕಡೆ ತಿರುಗಲಿಲ್ಲ.

ಕುರಿಗಾರನೂ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದಾನೆಂದು ಗೊತ್ತಾಯಿತು. ಮೂರು ದಿನ ಮೆಟ್ಟಿಲ ತನಕ ಹೋಗಿ ಬಂದೆ. ನಾಲ್ಕನೆಯ ದಿನ ಹತ್ತಿದೆ. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಸದಲಗಾ ಹತ್ತಿರದ ಹಳ್ಳಿಯವನು, ನನ್ನಷ್ಟೇ ವಯಸ್ಸು. ಹೆಂಡತಿ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು.

"ಆ ಲಾರಿ ಪಾಟಾ ಕಟ್ಟಿದಾಂವ ನಾನ್ರಿ," ಎಂದೆ. "ನಮ್ಮ ಅಣ್ಣ ಅಲ್ಲ."

ಹೆಂಡತಿ ಎದ್ದಳು. ಚಪ್ಪಲಿ ತೆಗೆದು ನನ್ನ ಮುಖಕ್ಕೆ ಹೊಡೆದಳು. ಹಿಮ್ಮಡಿಯ ಮೊಳೆ ತಾಗಿ ಕೆನ್ನೆ ಹರಿಯಿತು. ಚಪ್ಪಲಿ ಕೈಜಾರಿದ ಮೇಲೆ ಮುಷ್ಟಿಯಿಂದ ಎದೆಗೆ ಗುದ್ದಿದಳು. "ಭಾಡ್ಯಾ! ಅಂವನ ಕಾಲ ಕೊಡು! ಕೊಡು ಅಂವನ ಕಾಲ!" ಎಂದು ಒಂದೊಂದು ಗುದ್ದಿಗೂ ಹೇಳುತ್ತಿದ್ದಳು. ನಾನು ಕೈ ಎತ್ತಲಿಲ್ಲ. ಸಾಕಾಗಿ ಅವಳೇ ಮಂಚದ ಕಂಬ ಹಿಡಿದು ಕುಸಿದಳು.

ಕುರಿಗಾರ, "ಹೆಂಗ ಆತು ಹೇಳು," ಎಂದ. "ಡಾಕ್ಟರ ನನ್ನ ಕಾಲಿಂದು ಹೇಳ್ಯಾರ. ಗಾಡಿಂದು ಯಾರೂ ಹೇಳಿಲ್ಲ."

ನಾನು ನಿಂತುಕೊಂಡೇ ಹೇಳಿದೆ. ಎಡಗೈ ಮೇಲೆ ಬಲಗೈ ಇಟ್ಟು, ಪಾಟಾಗಳು ಹೇಗೆ ಒಂದರ ಮೇಲೊಂದು ಕೂರುತ್ತವೆ, ಭಾರಕ್ಕೆ ಹೇಗೆ ಬಾಗುತ್ತವೆ ಎಂದು ತೋರಿಸಿದೆ. ಪಟ್ಟಿ ಹೆಚ್ಚಾದಷ್ಟೂ ಬಾಗುವುದು ಕಡಿಮೆ, ಬಾಗದಿದ್ದರೆ ಹೊಡೆತ ಬೋಲ್ಟಿಗೆ ಹೋಗುತ್ತದೆ ಎಂದೆ. ಅಚ್ಚನ್ನು ಹಿಡಿದಿಡುವುದು ಆ ಬೋಲ್ಟುಗಳೇ, ಬೇರೆ ಏನೂ ಇಲ್ಲ, ಅವುಗಳ ನಟ್ಟನ್ನು ನಾನು ಅರ್ಧಕ್ಕೇ ಬಿಟ್ಟಿದ್ದೆ ಎಂದೆ. ಗ್ರೀಸ್ ಬಳಿದದ್ದನ್ನೂ ಹೇಳಿದೆ. ಕೆನ್ನೆಯ ರಕ್ತ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವನು ಎಲ್ಲವನ್ನೂ ಕೇಳಿದ.

"ಹೊರಡೂಮುಂದ ಗೊತ್ತಿತ್ತೇನು, ಬಿಚ್ಚತೈತಿ ಅಂತ?"

"ಬಿಚ್ಚಬಹುದಂತ ಗೊತ್ತಿತ್ರಿ."

ಅವನು ಇಲ್ಲದ ಕಾಲಿನ ಕಡೆ ನೋಡಿದ. "ನಿಮ್ಮ ಅಣ್ಣನ್ನ ಬಡದ ಮಂದಿ ಇಲ್ಲಿಗೂ ಬಂದಿದ್ರು. ನಿನ್ನ ಸಲುವಾಗಿ ಹೊಡದ್ವಿ ಅಂದ್ರು. ನಾ ಹೊಡೀರಿ ಅಂದಿದ್ದಿಲ್ಲ. ತಪ್ಪ ಮಾಡಿದಾಂವ ಒಬ್ಬ, ತಿಂದಾಂವ ಒಬ್ಬ." ಆಮೇಲೆ ಕಣ್ಣೆತ್ತಿ, "ಇಲ್ಲಿ ಬಂದ ಹೇಳಿದ್ರ ನನಗೇನ ಆಗೂದೈತಿ? ಹೋಗಿ ಠಾಣೇದಾಗ ಬರಸು," ಎಂದ.

ಅಲ್ಲಿಂದ ನೇರ ಬಸ್ಸು ಹತ್ತಿ ಠಾಣೆಗೆ ಹೋಗಿ ಬರೆಸಿದೆ. ಜಾಮೀನಿನ ಮೇಲೆ ಬಿಡುವ ಮೊದಲು ಎರಡು ದಿನ ಒಳಗೆ ಇಟ್ಟಿದ್ದರು.

ಅಣ್ಣ ಮನೆಗೆ ಬಂದ ದಿನ ಅವನಿಗೆ ವಿಷಯ ಹೇಳಿದೆ. ಅವನು ಹೊರಸಿನ ಮೇಲೆ ಕೂತಿದ್ದ. ಎದ್ದ. ಜೀವನದಲ್ಲಿ ಮೊದಲ ಸಲ ನನ್ನ ಮೇಲೆ ಕೈ ಎತ್ತಿದ. ಬಲಗೈ ಬೀಸಿ ಹೊಡೆದ ಏಟಿಗೆ ನಾನು ಬಾಗಿಲಿಗೆ ಹೋಗಿ ಬಡಿದೆ. ಹೊಲಿದ ಕೆನ್ನೆ ಮತ್ತೆ ಬಿಚ್ಚಿತು.

"ನಾ ಯಾಕ ತಿಂದೆಲೇ? ಹೇಳು, ನಾ ಅಷ್ಟ ಯಾಕ ತಿಂದೆ?" ಎಂದು ಕೂಗಿದ. "ನಿನಗ ಸಣ್ಣ ಸಣ್ಣ ಮಕ್ಕಳದಾವ ಅಂತ ಸುಮ್ಮ ಬಿದ್ದೆ. ಇದ್ದದ್ದ ಹಂಗ ಇರ್ಲಿ ಅಂತ ಬರಿಸಿದೆ. ಎಲ್ಲಾ ನೀರಾಗ ಹಾಕಿದಿ!"

ಮತ್ತೆ ಹೊಡೆಯಲು ಕೈ ಎತ್ತಿದ. ಎಲುಬು ಇನ್ನೂ ಕೂಡದ ಹೆಗಲು ಅವನನ್ನು ಅಲ್ಲೇ ಬಗ್ಗಿಸಿತು. ನೋವಿಗೆ ಮುಖ ಬಿಳಿಚಿತು. ನಾನು ಹಿಡಿಯಲು ಹೋದೆ. ನನ್ನ ಕೈಯನ್ನು ಕೊಡವಿದ. ಮತ್ತೆ ಹಿಡಿದೆ. ಈ ಸಲ ಕೊಡವಲು ಅವನಲ್ಲಿ ಶಕ್ತಿ ಇರಲಿಲ್ಲ. ನನ್ನ ಹೆಗಲಿಗೆ ತಲೆಯಿಟ್ಟು ಹಲ್ಲು ಕಚ್ಚಿ ನಿಂತ. ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಆರು ತಿಂಗಳ ಮೇಲೆ, ಸುಟ್ಟದ್ದನ್ನು ಸರಿಮಾಡಿ, ಅಂಗಡಿ ಮತ್ತೆ ತೆಗೆದೆವು. ಅಣ್ಣನಿಗೆ ಈಗ ಘಣ ಎತ್ತಲು ಆಗುವುದಿಲ್ಲ. ಅವನು ಪಟ್ಟಿ ಹಿಡಿದು ಎಲ್ಲಿ ಹೊಡೆಯಬೇಕೆಂದು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾನೆ, ನಾನು ಹೊಡೆಯುತ್ತೇನೆ. ಕೆಲಸದ ಮಾತು ಬಿಟ್ಟರೆ ನಮ್ಮಲ್ಲಿ ಹೆಚ್ಚು ಮಾತಿಲ್ಲ. ಕಾಕಾ ಲಾರಿ ಓಡಿಸುವುದನ್ನು ಬಿಟ್ಟಿದ್ದಾನೆ. ಕುರಿಗಾರ ಕಟ್ಟಿಗೆಯ ಊರುಗೋಲಿನಿಂದ ಎದ್ದು ಓಡಾಡುವಂತಾಗಿದ್ದಾನೆ, ಹಿಂಡನ್ನು ಅವನ ಹೆಂಡತಿ ಕಾಯುತ್ತಾಳೆ. ಅಥಣಿಯ ಕೋರ್ಟಿನಲ್ಲಿ ನನ್ನ ಕೇಸಿನ ತಾರೀಖಿಗೆ ಅವನೂ ಸಾಕ್ಷಿಗೆ ಬರುತ್ತಾನೆ. ನಾನು ಹೇಳಿದ್ದನ್ನು ಹೇಳಿದಂತೆಯೇ ಹೇಳುತ್ತಾನೆ, ಕೂಡಿಸುವುದಿಲ್ಲ, ಕಳೆಯುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಣ್ಣ ಊಟ ಮಾಡಿ ಮಲಗಿದ್ದ. ನಾನು ಊಟಕ್ಕೆ ಕೂತಿದ್ದೆ. ವೈನಿ ರೊಟ್ಟಿ ಹಾಕಲು ಬಂದವಳು ಹಾಕದೆ ನಿಂತಳು. ಒಂದೂವರೆ ವರ್ಷದಲ್ಲಿ ಆ ದಿನದ ಮಾತನ್ನು ಅವಳು ಎತ್ತಿದ್ದು ಅದೇ ಮೊದಲು.

"ಗುಂಡ್ಯಾಗ ಕೂತಾಗ ಕೇಳಸ್ತಿತ್ತೇನು? ಅವರು ಹೊಡಿಯೂದು?"

"ಎಲ್ಲಾ ಕೇಳಸ್ತಿತ್ತು ವೈನಿ. ಕಾಣಸ್ತಿತ್ತು."

"ನಾ ಬಂದದ್ದು?"

"ಅದೂ ಕಾಣಿಸ್ತು."

ಅವಳು ನನ್ನ ಎದುರಿಗೇ ನೆಲದ ಮೇಲೆ ಕೂತಳು. "ಹಂಗಾರ ಹೇಳು," ಎಂದಳು. "ಮೊದಲ್ನೇ ಏಟಿನಿಂದ ಹೇಳು. ನಾ ಬರೂಕಿಂತ ಮೊದಲ ಆ ಮಂದಿ ಏನೇನ ಮಾಡಿದ್ರು ಅಂತ ಅವರು ನನಗ ಒಂದ ದಿನಾನೂ ಹೇಳಿಲ್ಲ." ಅವರು ಎಂದು ಅವಳು ಅಂದದ್ದು ಅಣ್ಣನಿಗೆ.

ನಾನು ತಾಟನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದೆ. ಘಣ ಎತ್ತಿದವನನ್ನೂ, ಕಾವು ಕೊಟ್ಟವನನ್ನೂ, ಲಟಕ್ಕೆಂದ ಸದ್ದನ್ನೂ ಬಿಡಲಿಲ್ಲ. ಅಣ್ಣ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಲ್ಲಿಗೆ ಬಂದಾಗ ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು, ಸಾಕು ಎಂದು ಕೈ ಮಾಡಿದಳು. ಆಮೇಲೆ ಎದ್ದು ಹೋಗಿ, ತಣ್ಣಗಾಗಿದ್ದ ರೊಟ್ಟಿಯನ್ನು ಮತ್ತೆ ಹಂಚಿನ ಮೇಲೆ ಹಾಕಿದಳು.